ಹಳೇ 407 ಕೊಳ್ಳುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಹಳೇ ಗೂಡ್ಸ್ ಗಾಡಿಗಳಿಗೆ ಎಲ್ಲಿಲ್ಲದ ಬೆಲೆ. ಸೋಮವಾರ, ಗುರುವಾರ ಚೀಲ ಹೊತ್ತ ಗಾಡಿಗಳು ಮಾರುಕಟ್ಟೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಸ್ವಂತ ಗಾಡಿ ಇದ್ದವನಿಗೆ ಬಾಡಿಗೆಗೆ ಬರ ಇಲ್ಲ. ಅದಕ್ಕೇ ಡಿಸೆಂಬರ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು ಸುತ್ತಿನ ಹುಡುಗರು ಗಾಡಿ ಹುಡುಕಲು ಶುರು ಮಾಡ್ತಾರೆ. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮಂಥವರ ವಾಟ್ಸ್ಆ್ಯಪ್‌ಗೆ ಒಂದು ಫೋಟೋ ಬರುತ್ತೆ. ಕೆಳಗೆ ಒಂದೇ ಸಾಲು: "ಅಣ್ಣಾ, ಗಾಡಿ ಭಾಳ ಚಲೋ ಐತಿ, ಸಂಚಕಾರ ಕೊಡಬೇಕು, ರೊಕ್ಕ ಹಾಕು."

ಕಳೆದ ಡಿಸೆಂಬರ್‌ನಲ್ಲಿ ನನಗೂ ಬಂತು, ಕಾಕಾನ ಮಗನಿಂದ. ಅವನು ಎಂಟು ವರ್ಷದಿಂದ ಬೇರೆಯವರ ಗಾಡಿ ಓಡಿಸ್ತಿದ್ದಾನೆ. ಅವನ ಹತ್ತಿರ ಇದ್ದದ್ದು ಎರಡೂವರೆ ಲಕ್ಷ. ಅದರಲ್ಲಿ ಚಿಗವ್ವನ ಬಂಗಾರ ಅಡವಿಟ್ಟು ತಂದ ದುಡ್ಡೂ ಇತ್ತು. ನಾನು ಎರಡು ಲಕ್ಷ ಹಾಕಲು ಒಪ್ಪಿದೆ. ಷರತ್ತು ಒಂದೇ: ಗಾಡಿ ನೋಡುವ ಮುಂಚೆ ಒಂದು ರೂಪಾಯಿ ಸಂಚಕಾರವೂ ಇಲ್ಲ. ಶನಿವಾರ ಊರಿಗೆ ಹೋದೆ. ರಾಣೆಬೆನ್ನೂರಿನ ಒಬ್ಬ ಹಳೇ ಮೇಸ್ತ್ರಿಗೆ ದಿನದ ಕೂಲಿ 1,500 ರೂಪಾಯಿ ಕೊಟ್ಟು ಜೊತೆಗೆ ಕರೆದುಕೊಂಡೆವು. ಇಡೀ ವ್ಯವಹಾರದಲ್ಲಿ ಅತಿ ಲಾಭ ತಂದ ಖರ್ಚು ಅದೇ.

ಯಾವ ಗಾಡಿ ಬೇಕು?

1986ರಲ್ಲಿ ಬಂದ ಟಾಟಾ 407 ನಮ್ಮ ಕಡೆ ಇವತ್ತಿಗೂ ದುಡಿಯುತ್ತಿದೆ. ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಹಳೇ ಗಾಡಿ ಕೊಳ್ಳುವವರಿಗೆ ಇದು ದೊಡ್ಡ ಭರವಸೆ. ಅದಕ್ಕಿಂತ ಚಿಕ್ಕದು ಸಾಕು ಅಂದ್ರೆ 2005ರಲ್ಲಿ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಇವೆ.

ಇಲ್ಲಿ ಕಾನೂನಿನ ಎರಡು ಅಂಕಿ ನೆನಪಿರಲಿ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ, 3,000 ಕಿಲೋ ಮೀರದ ಗೂಡ್ಸ್ ವಾಹನಕ್ಕೆ ಪರ್ಮಿಟ್ ಬೇಕಿಲ್ಲ. 407 ಅದನ್ನು ಮೀರುತ್ತೆ, ಹಾಗಾಗಿ ಪರ್ಮಿಟ್ ಬೇಕೇ ಬೇಕು. ಇನ್ನೊಂದು ಅಂಕಿ 7,500 ಕಿಲೋ. ಅದರೊಳಗಿನ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದ್ದವರೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಸ್ಪಷ್ಟವಾಗಿ ಹೇಳಿದೆ.

ಗಾಡಿ ಮೊದಲು ಏನು ಹೊತ್ತಿತ್ತು?

ಮೇಸ್ತ್ರಿ ಕಾಕಾ ಬಾನೆಟ್ ಮುಟ್ಟುವ ಮುಂಚೆ ಹಿಂದಿನ ಬಾಡಿ ಹತ್ತಿದರು. ಹಲಗೆಯ ಸಂದಿಯಲ್ಲಿ ಸ್ಕ್ರೂಡ್ರೈವರ್ ತುದಿ ಆಡಿಸಿ ಧೂಳು ಕೆದರಿ ನೋಡಿದರು. "ಗಾಡಿ ಏನ್ ಹೇರಿತ್ತು ಅನ್ನೋದು ಮಾಲಕ ಹೇಳೂದಿಲ್ಲ ತಮ್ಮಾ, ಸಂದಿ ಹೇಳತೈತಿ."

ಮಾತು ಖರೆ. ಬ್ಯಾಡಗಿ ಮೆಣಸಿನಕಾಯಿ (2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು) ಹಗುರ. ಚೀಲ ಎತ್ತರಕ್ಕೆ ಏರುತ್ತೆ, ತೂಕ ಅಷ್ಟಿರೋದಿಲ್ಲ. ಮೆಕ್ಕೆಜೋಳ ಅದಕ್ಕಿಂತ ಭಾರ. ಮರಳು, ಜಲ್ಲಿ ಹೇರಿದ ಗಾಡಿಯ ಕಥೆಯೇ ಬೇರೆ. ಹಸಿ ಮರಳಿನ ನೀರು ಸೋರಿ ಬಾಡಿಯ ಕೆಳಗಿನ ಕಬ್ಬಿಣ ತುಕ್ಕು ಹಿಡಿದಿರುತ್ತೆ, ಪಾಟಾ ಚಪ್ಪಟೆಯಾಗಿರುತ್ತೆ, ಚಾಸಿ ಬಳಲಿರುತ್ತೆ. ಒಂದೇ ವರ್ಷದ ಎರಡು ಗಾಡಿ, ಒಂದೇ ಕಿಲೋಮೀಟರ್ ಓಡಿದ್ದರೂ ವಯಸ್ಸು ಒಂದೇ ಅಲ್ಲ.

ತಣ್ಣಗಿನ ಎಂಜಿನ್ ಸುಳ್ಳು ಹೇಳೋದಿಲ್ಲ

ಹಾವೇರಿಯಲ್ಲಿ ನೋಡಿದ ಮೊದಲ ಗಾಡಿ ಫೋಟೋದಲ್ಲಿದ್ದಂತೆಯೇ ಥಳಥಳ ಹೊಳೀತಿತ್ತು. ನಾವು ಹೋದಾಗ ಬೆಳಿಗ್ಗೆ ಏಳೂವರೆ, ಎಂಜಿನ್ ಮೇಲೆ ಕೈ ಇಟ್ಟರೆ ಬಿಸಿ. ಯಾರೋ ನಮಗಿಂತ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಹಳೇ ಡೀಸೆಲ್ ಎಂಜಿನ್ನಿನ ರೋಗ ಗೊತ್ತಾಗೋದು ರಾತ್ರಿಯಿಡೀ ತಣ್ಣಗಿದ್ದು ಬೆಳಿಗ್ಗೆ ಮೊದಲ ಸಲ ಏಳುವಾಗ. ಆದ್ದರಿಂದ "ನಾವು ಬರೋತನಕ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಆಮೇಲೆ ಇಷ್ಟು ನೋಡಿ:

• ಸ್ಟಾರ್ಟ್ ಮಾಡುವ ಮುಂಚೆ, ತಣ್ಣಗಿರುವಾಗಲೇ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಬಿಸಿ ಎಂಜಿನ್ನಿನ ಮುಚ್ಚಳ ಮಾತ್ರ ಯಾವತ್ತೂ ತೆಗೀಬೇಡಿ.
• ಹೊಗೆ ನೋಡಿ. ಮೊದಲು ಸ್ವಲ್ಪ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಹೊಗೆ ಬಂದರೆ ಪಂಪು, ನಾಜಲ್, ಏರ್ ಫಿಲ್ಟರ್ ಕಡೆ ನೋಡಬೇಕು. ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು.
• ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಿರುವಿ ಅದೇ ಬಾಯಿ ಮೇಲೆ ಇಡಿ. ಅದು ಕುಣಿದು ಕೆಳಗೆ ಬಿದ್ದರೆ, ಒಳಗಿಂದ ಭುಸ್ಸನೆ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಅಂದರೆ ಎಂಜಿನ್ ಕೆಲಸ ದೂರವಿಲ್ಲ.

ಹಾವೇರಿಯ ಗಾಡಿಯ ಮುಚ್ಚಳ ಎರಡೇ ಸೆಕೆಂಡಿಗೆ ಹಾರಿ ಬಿತ್ತು. ನಾವು ಚಹಾ ಕುಡಿದು ಎದ್ದು ಬಂದೆವು.

ಕೆಳಗೆ ಮಲಗಿ ನೋಡಿ

ಎಂಜಿನ್ ರಿಪೇರಿ ಮಾಡಿಸಬಹುದು, ಚಾಸಿ ಮುರಿದರೆ ಗಾಡಿಯ ಬೆನ್ನೆಲುಬೇ ಮುರಿದಂತೆ. ಒಂದು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ. ಎರಡೂ ಉದ್ದ ಪಟ್ಟಿಗಳನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, ಮುಖ್ಯವಾಗಿ ಪಾಟಾ ಕೂರುವ ಜಾಗದಲ್ಲಿ. ಬಿರುಕು, ವೆಲ್ಡಿಂಗ್ ಗುರುತು, ತುಕ್ಕಿನ ಹೊಪ್ಪಳೆ ಕಂಡರೆ ನಿಲ್ಲಿ. ಗಾಡಿ ಎಲ್ಲ ಹಳೇದು, ಒಂದು ಅಡಿ ಜಾಗಕ್ಕೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ.

ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲಟಲಟ ಅಂದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಕೆಲಸ ಇದೆ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರದ ಟೈರು. ಬಟನ್ ಚೆನ್ನಾಗಿದ್ದರೂ ರಿಸೋಲ್ ಆಗಿರಬಹುದು, ಅಂಚು ಸವರಿ ನೋಡಿ.

ಓಡಿಸುವಾಗ ಒಬ್ಬರು ಬೈಕಿನಲ್ಲಿ ಹಿಂದೆ ಬನ್ನಿ. ಗಾಡಿ ನೇರ ಹೋಗ್ತಿದ್ದರೂ ಹಿಂದಿನ ಭಾಗ ಒಂದು ಕಡೆ ವಾಲಿ ಏಡಿಯಂತೆ ನಡೆದರೆ ಚಾಸಿ ಅಥವಾ ಹಿಂದಿನ ಆಕ್ಸಲ್ ಜಾಗ ತಪ್ಪಿದೆ. ಸಾಧ್ಯವಾದರೆ ಲೋಡು ಹಾಕಿಯೇ ಓಡಿಸಿ. ಖಾಲಿ ಗಾಡಿ ಎಲ್ಲವೂ ಚಲೋನೇ ಓಡ್ತವೆ.

ಕಾಗದದಲ್ಲಿರುವ ಗಾಡಿ

ರಾಣೆಬೆನ್ನೂರಿನ ಎರಡನೇ ಗಾಡಿ ಮೇಲೆ ಕೆಳಗೆ ಎಲ್ಲ ಪಾಸಾಯ್ತು. ಮೇಸ್ತ್ರಿ ಕಾಕಾ ಕೂಡ ತಲೆ ಆಡಿಸಿದರು. ತಮ್ಮ ಆಗಲೇ ಜೇಬಿಗೆ ಕೈ ಹಾಕಿದ್ದ. ನಾನು ಎಂ-ಪರಿವಾಹನ್ ಆ್ಯಪ್ ತೆಗೆದೆ. ಆರ್‌ಸಿಯಲ್ಲಿ ಫೈನಾನ್ಸ್ ಸಾಲದ ನಮೂದು ಇನ್ನೂ ಹಾಗೇ ಇತ್ತು. "ಸಾಲ ಯಾವಾಗೋ ಮುಗದೈತ್ರಿ, ಕಾಗದ ಮುಂದಿನ ವಾರ ತರಸ್ತೀನಿ" ಅಂದರು ಮಾಲೀಕರು. ನಿಜ ಇರಬಹುದು. ಆದರೆ ಬಾಕಿ ಇದ್ದರೆ ಫೈನಾನ್ಸ್‌ನವರು ನಡುರಸ್ತೆಯಲ್ಲಿ ಗಾಡಿ ಹಿಡಿದಾಗ ಕಳೆದುಕೊಳ್ಳೋದು ಚಿಗವ್ವನ ಬಂಗಾರ. "ಕಾಗದ ಬಂದ ದಿನ ರೊಕ್ಕ ತರ್ತೀವಿ" ಅಂದೆವು. ಎರಡು ವಾರ ಕಾದೆವು, ಕಾಗದ ಬರಲಿಲ್ಲ.

ಸಾಲ ತೀರಿದ ಗಾಡಿಗೆ ಫೈನಾನ್ಸ್ ಕಂಪನಿಯ ಎನ್‌ಒಸಿ ಮತ್ತು ಫಾರ್ಮ್ 35 ಇರಬೇಕು. ಮಾರಾಟಕ್ಕೆ ಫಾರ್ಮ್ 29 ಮತ್ತು 30. ಚಾಸಿ ಮೇಲೆ ಕೊರೆದ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ತೆರಿಗೆ, ವಿಮೆ, ಎಮಿಶನ್, ಬಾಕಿ ಇ-ಚಲನ್ ಎಲ್ಲ ಫೋನಿನಲ್ಲೇ ನೋಡಬಹುದು. ಪರ್ಮಿಟ್ ಗಾಡಿಯ ಜೊತೆ ತಾನಾಗಿ ಬರೋದಿಲ್ಲ, ಅದಕ್ಕೆ ಬೇರೆ ಅರ್ಜಿ ಬೇಕು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ನಮ್ಮ ಕಡೆ ಹೇಳುವ 'ಪಾಸಿಂಗ್', ಆಗಲೇಬೇಕು. 15 ವರ್ಷ ದಾಟಿದರೆ 2022ರ ಏಪ್ರಿಲ್‌ನಿಂದ ಅದರ ಶುಲ್ಕ ಹಲವು ಪಟ್ಟು ಏರಿದೆ. ಹದಿನಾಲ್ಕು ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಹಿಗ್ಗುವ ಮುಂಚೆ ಈ ಲೆಕ್ಕ ಹಾಕಿ.

ವಿಮೆಯಲ್ಲೂ ಕಂಜೂಸಿ ಬೇಡ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ಗಲಾಟೆ ಎದ್ದಾಗ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಇಂಥ ಹೊತ್ತಲ್ಲಿ ನಿಮ್ಮ ಗಾಡಿಗೆ ಒಂದು ಪೈಸೆಯೂ ಬರೋದಿಲ್ಲ.

ಕೊನೆಗೆ ಕೊಂಡದ್ದು

ಮೂರನೆಯದು ಬ್ಯಾಡಗಿಯಲ್ಲೇ ಇತ್ತು. 2013ರ ಗಾಡಿ, ಬಣ್ಣ ಮಾಸಿತ್ತು, ಒಂದು ಬಾಗಿಲು ತಗ್ಗು ಬಿದ್ದಿತ್ತು. ಹಲಗೆ ಸಂದಿಯಲ್ಲಿ ಕೆಂಪು ಧೂಳು, ಒಣ ಮೆಣಸಿನ ಬೀಜ. ತಣ್ಣಗಿನ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಮುಚ್ಚಳ ಕುಣಿಯಲಿಲ್ಲ. ಕಿಂಗ್‌ಪಿನ್ ಕೆಲಸ ಇತ್ತು, ಹಿಂದಿನ ಎರಡು ಟೈರ್ ಮುಗಿದಿದ್ದವು. ಮೇಸ್ತ್ರಿ ಕಾಕಾ ಒಂದು ಚೀಟಿಯಲ್ಲಿ ಬರೆದದ್ದು ಒಟ್ಟು 48,000 ರೂಪಾಯಿ ಕೆಲಸ. ಅದೇ ಚೀಟಿ ಮುಂದಿಟ್ಟು ಮಾತಾಡಿದೆವು. 4 ಲಕ್ಷ 20 ಸಾವಿರ ಹೇಳಿದ್ದು 3 ಲಕ್ಷ 80 ಸಾವಿರಕ್ಕೆ ಬಂತು. ನಮ್ಮ ನಾಲ್ಕೂವರೆ ಲಕ್ಷದಲ್ಲಿ 70 ಸಾವಿರ ಉಳಿಯಿತು. ಅದರಲ್ಲಿ ಚೀಟಿಯ ಕೆಲಸ ಮುಗಿದು, ಉಳಿದ 22 ಸಾವಿರ ವಿಮೆಗೆ, ಹೆಸರು ಬದಲಾವಣೆಗೆ ಹೋಯಿತು.

ನನ್ನ ವೃತ್ತಿಯಲ್ಲಿ ಬೇರೆಯವರು ಬರೆದಿಟ್ಟ ಹಳೇ ಕೋಡ್ ಕೈಗೆ ಬರೋದು ದಿನದ ಮಾತು. ಅದರಲ್ಲಿ ದೋಷ ಇದೆಯೋ ಇಲ್ಲವೋ ಅಂತ ಯಾರೂ ಕೇಳೋದಿಲ್ಲ, ಇದ್ದೇ ಇರುತ್ತೆ. ಯಾವ ದೋಷ, ಸರಿಪಡಿಸಲು ಎಷ್ಟು ಖರ್ಚು ಅನ್ನೋದೇ ಪ್ರಶ್ನೆ. ಹಳೇ ಗಾಡಿಗೂ ಅದೇ ಮಾತು. ಕೈಯಲ್ಲಿರುವ ಪೂರ್ತಿ ದುಡ್ಡನ್ನು ಗಾಡಿಯ ಬೆಲೆಗೇ ಸುರಿದವನಿಗೆ ಮೊದಲ ರಿಪೇರಿಯೇ ಎರಡನೇ ಸಾಲ.

ಮಾರಿದವರಿಗೂ ಒಂದು ಮಾತು

ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ನಾವು ಮೊದಲ ವಾರವೇ ಹಾಕಿದೆವು, ಮಾರಿದ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅದು ಅವರಿಗೇ ಹೆಚ್ಚು ಮುಖ್ಯ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ವಾಹನ ಕೈಯಿಂದ ಕೈಗೆ ಮಾರಾಟವಾಗಿತ್ತು, ಆದರೆ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವರ ಮೇಲೇ ಬಂತು.

ನಿಮ್ಮ ಅಪ್ಪನೋ ಮಾವನೋ ಹತ್ತು ವರ್ಷದ ಹಿಂದೆ ಒಂದು ಗಾಡಿ ಮಾರಿರಬಹುದು, "ಹೆಸರು ಅವರೇ ಬದಲಾಯಿಸ್ಕೊಂಡಿರ್ತಾರೆ" ಅಂತ ಬಿಟ್ಟಿರಬಹುದು. ಆ ನಂಬರ್ ಕೇಳಿ, ಫೋನಿನಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಇವತ್ತೇ ಮಾಡಿ.