ಇ-ಹರಾಜಿನಲ್ಲಿ ಮನೆ: ಎಲ್ಲಿಯವರೆಗೆ ಕೂಗಬೇಕು, ಎಲ್ಲಿ ನಿಲ್ಲಬೇಕು

ಕೊಯಮತ್ತೂರಿನಿಂದ ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರ, ಕೊಳ್ಳೇಗಾಲಗಳನ್ನು ಹಾದು ಬೆಂಗಳೂರು ಸೇರುವ ಹೆದ್ದಾರಿಯಲ್ಲಿ, ನಗರದ ಅಂಚಿನಲ್ಲಿಯೇ ಸಿಗುವ ಶರವಣಂಪಟ್ಟಿಯು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ಮಾಹಿತಿ ತಂತ್ರಜ್ಞಾನದ ಕಚೇರಿಗಳು ಅಲ್ಲಿ ನೆಲೆಯೂರಿದಂತೆಲ್ಲ ಅಪಾರ್ಟ್‌ಮೆಂಟುಗಳೂ ಹೊಸ ಬಡಾವಣೆಗಳೂ ಬೆಳೆದವು. ಜಿಲ್ಲೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾತಿನ ದೇವಾಂಗ, ಒಕ್ಕಲಿಗ ಮನೆತನಗಳಿಗೂ, ಉದ್ಯೋಗಕ್ಕಾಗಿ ಕರ್ನಾಟಕದಿಂದ ಹೋದ ಯುವ ಕುಟುಂಬಗಳಿಗೂ ಇಂಥ ಊರಿನಲ್ಲಿ ಸ್ವಂತ ಮನೆ ಕೊಳ್ಳಲು ಇಂದು ಒಂದು ಹೊಸ ದಾರಿಯಿದೆ. ಸಾಲ ತೀರದೆ ಬ್ಯಾಂಕಿನ ವಶಕ್ಕೆ ಬಂದ ಮನೆ, ನಿವೇಶನಗಳನ್ನು ಅಂತರಜಾಲದಲ್ಲಿ ಕೂಗಿ ಮಾರುವ ಇ-ಹರಾಜೇ ಆ ದಾರಿ. ಬೆಲೆ ಅಗ್ಗವೆಂಬ ಆಸೆಯಿಂದ ಅದರತ್ತ ಹೋಗುವವರು ಹಲವರು. ಆದರೆ ಎಷ್ಟಕ್ಕೆ ಕೂಗಬೇಕೆಂಬುದನ್ನು ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ತೀರ್ಮಾನಿಸಹೊರಟರೆ ಆ ಅಗ್ಗವೇ ದುಬಾರಿಯಾಗುತ್ತದೆ.

ಈ ಹರಾಜುಗಳಿಗೆ ಆಧಾರವಾಗಿರುವುದು ಜನರ ಬಾಯಲ್ಲಿ ಸರ್ಫೇಸಿ ಎಂದೇ ರೂಢಿಯಾಗಿರುವ 2002ರ ಕಾಯಿದೆ. ಅಡಮಾನದ ಆಸ್ತಿಯನ್ನು ಸಿವಿಲ್ ದಾವೆ ಹೂಡದೆಯೇ ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಅದು ಬ್ಯಾಂಕುಗಳಿಗೆ ಕೊಡುತ್ತದೆ. ಸರ್ಕಾರಿ ವಲಯದ ಬ್ಯಾಂಕುಗಳು ಮಾರುವ ಆಸ್ತಿಗಳನ್ನು ಒಂದೇ ಕಡೆ ತೋರಿಸುವ 'ಬ್ಯಾಂಕ್‌ನೆಟ್' ಎಂಬ ಜಾಲತಾಣವನ್ನು ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ಆರಂಭಿಸಿತು. ಹರಾಜಿನ ಪ್ರಕಟಣೆಯಲ್ಲಿ ಮೂರು ಅಂಕಿಗಳು ಮುಖ್ಯ: ಯಾವ ಮೊತ್ತಕ್ಕಿಂತ ಕೆಳಗೆ ಬ್ಯಾಂಕು ಮಾರಲಾರದೋ ಆ ಮೀಸಲು ಬೆಲೆ, ಕೂಗಲು ಅರ್ಹತೆ ಪಡೆಯಲು ಮೊದಲೇ ಕಟ್ಟಬೇಕಾದ, ಸಾಮಾನ್ಯವಾಗಿ ಮೀಸಲು ಬೆಲೆಯ ಶೇಕಡ 10ರಷ್ಟಿರುವ ಮುಂಗಡ ಠೇವಣಿ, ಮತ್ತು ಪ್ರತಿ ಸಲವೂ ಕನಿಷ್ಠ ಎಷ್ಟು ಏರಿಸಬೇಕೆಂದು ಹೇಳುವ ಏರಿಕೆಯ ಮೊತ್ತ.

ಇವುಗಳಲ್ಲಿ ಮೀಸಲು ಬೆಲೆಯನ್ನೇ ಆಸ್ತಿಯ ಬೆಲೆಯೆಂದು ತಿಳಿಯುವುದು ಸಾಮಾನ್ಯವಾದ ಮೊದಲ ತಪ್ಪು. ಅದು ಬ್ಯಾಂಕಿನ ಲೆಕ್ಕವೇ ಹೊರತು ಕೊಳ್ಳುವವರ ಲೆಕ್ಕವಲ್ಲ. ಪ್ರಕಟಣೆಯ ಕೆಳಭಾಗದಲ್ಲಿ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಎಂಬ ಷರತ್ತಿರುತ್ತದೆ. ಕಟ್ಟಡದ ದೋಷ, ಅಳತೆಯ ವ್ಯತ್ಯಾಸ, ಹಳೆಯ ತೆರಿಗೆ ಬಾಕಿ ಇವುಗಳಿಗೆಲ್ಲ ಬ್ಯಾಂಕು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಈ ಷರತ್ತಿಗೆ ನ್ಯಾಯಾಲಯಗಳು ಪೂರ್ಣ ಅರ್ಥ ಕೊಟ್ಟಿವೆ. ಹಿಂದಿನ ಮಾಲೀಕರು ಉಳಿಸಿಹೋದ ವಿದ್ಯುತ್ ಬಾಕಿಯನ್ನು ನಿಯಮಗಳು ಅನುಮತಿಸಿದರೆ ಹರಾಜಿನಲ್ಲಿ ಕೊಂಡವರಿಂದಲೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ, ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ತೀರ್ಪಿತ್ತಿತು.

ಆದುದರಿಂದ ಬೆಲೆ ನಿಶ್ಚಯಿಸುವ ಕೆಲಸವು ಆಸ್ತಿಯ ಮುಂದೆಯೂ ಕಾಗದಗಳ ಮುಂದೆಯೂ ನಡೆಯಬೇಕು. ತಮಿಳುನಾಡಿನಲ್ಲಿ ಋಣಭಾರ ಪತ್ರಕ್ಕೆ ಜನ ಹೇಳುವುದು ವಿಲ್ಲಂಗ ಸರ್ಟಿಫಿಕೇಟ್ ಎಂದು. ಅದು ಮತ್ತು ಭೂಮಿಯ ಹಕ್ಕಿನ ದಾಖಲೆಯಾದ ಪಟ್ಟಾ ಎರಡೂ ತಮಿಳಿನಲ್ಲಿರುವುದರಿಂದ, ತಮಿಳು ಮಾತು ಬಂದರೂ ಓದು ಬಾರದ ಕನ್ನಡಿಗರು ಅವನ್ನು ಬಲ್ಲ ವಕೀಲರಿಂದ ಓದಿಸುವುದು ಅಗತ್ಯ. ಅಲ್ಲಿ ನಿವೇಶನದ ಅಳತೆ ಸೆಂಟಿನಲ್ಲಿ ನಡೆಯುತ್ತದೆ. ಒಂದು ಸೆಂಟೆಂದರೆ 435.6 ಚದರಡಿ, ಎರಡೂವರೆ ಸೆಂಟಿಗೆ ಒಂದು ಗುಂಟೆ. ಬ್ಯಾಂಕಿನ ವಶದಲ್ಲಿರುವುದು ಕಾಗದದ ಮೇಲಿನ ಸಾಂಕೇತಿಕ ಸ್ವಾಧೀನವೋ, ಬೀಗದ ಕೈ ಸಹಿತವಾದ ಭೌತಿಕ ಸ್ವಾಧೀನವೋ ಎಂಬುದು ಇನ್ನೂ ದೊಡ್ಡ ಪ್ರಶ್ನೆ, ಏಕೆಂದರೆ ಮನೆಯೊಳಗೆ ಜನರಿದ್ದರೆ ಜಿಲ್ಲಾ ದಂಡಾಧಿಕಾರಿಯ ನೆರವಿನಿಂದ ತೆರವು ಮಾಡಿಸುವ ತನಕ ಕೊಂಡವರು ಹೊರಗೇ ಇರಬೇಕಾಗುತ್ತದೆ.

ಇಷ್ಟು ತಿಳಿದ ಮೇಲೆ ಗರಿಷ್ಠ ಬೆಲೆಯ ಲೆಕ್ಕವನ್ನು ಕಾಗದದ ಮೇಲೆಯೇ ಹಾಕಬಹುದು. ಕೇವಲ ಉದಾಹರಣೆಗಾಗಿ, ಅದೇ ರಸ್ತೆಯಲ್ಲಿ, ಅದೇ ಅಳತೆಯ, ತಕರಾರಿಲ್ಲದ ಮನೆ 60 ಲಕ್ಷ ರೂಪಾಯಿಗೆ ಮಾರಾಟವಾಗುತ್ತಿದೆ ಎಂದಿರಲಿ. ರಿಪೇರಿಗೆ 3 ಲಕ್ಷ, ತೆರಿಗೆ, ವಿದ್ಯುತ್ತು ಮತ್ತು ನಿರ್ವಹಣಾ ಶುಲ್ಕದ ಬಾಕಿಗೆ ಒಂದೂವರೆ ಲಕ್ಷ, ಸ್ವಾಧೀನ ತಡವಾದರೆ ಆಗುವ ಬಾಡಿಗೆ, ಬಡ್ಡಿ ಮತ್ತು ವಕೀಲರ ಖರ್ಚಿಗೆ ಮೂರೂವರೆ ಲಕ್ಷ, ಕಣ್ಣಿಗೆ ಬೀಳದ ತೊಂದರೆಗಳಿಗೆಂದು 4 ಲಕ್ಷ ಕಳೆದರೆ ಉಳಿಯುವುದು 48 ಲಕ್ಷ. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳು ಎಲ್ಲಿ ಕೊಂಡರೂ ತಪ್ಪದವು. ಅವನ್ನು ಬೇರೆಯಾಗಿ ತೆಗೆದಿಡಬೇಕು. ಹೀಗೆ ಲೆಕ್ಕ ಹಾಕಿದ ಕುಟುಂಬದ ಕೊನೆಯ ಕೂಗು 48 ಲಕ್ಷ. ಎದುರಾಳಿ 48 ಲಕ್ಷ 25 ಸಾವಿರ ಎಂದ ಕ್ಷಣದಲ್ಲಿ ಆ ಮನೆ ಅವರ ಪಾಲಿಗೆ ಲಾಭದ್ದಾಗಿ ಉಳಿಯುವುದಿಲ್ಲ.

ಈ ಮಿತಿಯನ್ನು ಯಾವ ರೀತಿಯಲ್ಲಿ ಬಳಸಬೇಕೆಂಬುದು ಹರಾಜಿನ ನಿಯಮವನ್ನು ಅವಲಂಬಿಸಿದೆ. ಮುಚ್ಚಿದ ಲಕೋಟೆಯ ಹರಾಜಿನಲ್ಲಿ ಗೆದ್ದವರು ತಾವು ಬರೆದಷ್ಟನ್ನೇ ಕೊಡಬೇಕಾದ್ದರಿಂದ ಮಿತಿಗಿಂತ ಸ್ವಲ್ಪ ಕಡಿಮೆ ಬರೆಯುವುದೇ ಜಾಣತನ. ಅತಿ ಹೆಚ್ಚು ಬರೆದವರು ಗೆದ್ದು ಎರಡನೆಯವರ ಬೆಲೆಯನ್ನಷ್ಟೇ ಕೊಡುವ ಪದ್ಧತಿಯಲ್ಲಿ ಮಾತ್ರ ನಿಜವಾದ ಮಿತಿಯನ್ನೇ ಬರೆಯುವುದು ಲೇಸೆಂದು ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು. 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು. ಎಲ್ಲರೂ ನೋಡುತ್ತಿರುವಂತೆಯೇ ಬೆಲೆ ಏರುವ ಬ್ಯಾಂಕಿನ ಇ-ಹರಾಜು ಈ ಎರಡನೆಯದಕ್ಕೆ ಹತ್ತಿರದ್ದು, ಏಕೆಂದರೆ ಕೊನೆಯ ಎದುರಾಳಿ ಕೈಬಿಟ್ಟ ಕೂಡಲೇ ಬೆಲೆ ನಿಲ್ಲುತ್ತದೆ. ಆದ್ದರಿಂದ ಮೊದಲೇ ದೊಡ್ಡ ಜಿಗಿತ ಹಾಕದೆ, ಏರಿಕೆಯ ಮೊತ್ತದಷ್ಟೇ ಏರಿಸುತ್ತ ಹೋಗಿ, ಮಿತಿ ಬಂದಾಗ ನಿಲ್ಲುವುದು ಇಲ್ಲಿ ಸರಿಯಾದ ಕ್ರಮ. ಬೇರೆ ಯಾರೂ ಬಾರದಿದ್ದರೆ ಮೀಸಲು ಬೆಲೆಯ ಮೇಲೆ ಒಂದೇ ಏರಿಕೆಗೆ ಆಸ್ತಿ ದಕ್ಕುವುದೂ ಉಂಟು.

ಕೊನೆಯ ಕ್ಷಣದವರೆಗೆ ಸುಮ್ಮನಿದ್ದು, ಎದುರಾಳಿಗೆ ಉತ್ತರಿಸಲು ವೇಳೆಯಿಲ್ಲದಂತೆ ಬಿಡ್ ಹಾಕುವ ಉಪಾಯವನ್ನು ಕೆಲವರು ನಂಬುತ್ತಾರೆ. ನಿಗದಿತ ಹೊತ್ತಿಗೆ ಮುಗಿದೇ ತೀರುವ ಈಬೇಯಂಥ ಹರಾಜುಗಳಲ್ಲಿ ಕೊನೆಯ ನಿಮಿಷದ ಬಿಡ್ಡುಗಳು ಹೆಚ್ಚೆಂದೂ, ಬಿಡ್ ಬಂದಂತೆಲ್ಲ ವೇಳೆ ಮುಂದಕ್ಕೆ ಹೋಗುತ್ತಿದ್ದ ಅಮೆಜಾನಿನ ಹರಾಜುಗಳಲ್ಲಿ ಅವು ಕಡಿಮೆಯೆಂದೂ ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ನಮ್ಮ ಬ್ಯಾಂಕುಗಳ ಹರಾಜು ಸಾಮಾನ್ಯವಾಗಿ ಎರಡನೆಯ ಬಗೆಯದು: ಕೊನೆಯ ಕೆಲವು ನಿಮಿಷಗಳಲ್ಲಿ ಒಂದು ಬಿಡ್ ಬಂದರೆ ಅವಧಿ ತಾನಾಗಿಯೇ ಮತ್ತೆ ಐದೋ ಹತ್ತೋ ನಿಮಿಷ ಬೆಳೆಯುತ್ತದೆ. ಕಾದು ಕುಳಿತವರಿಗೆ ಇಲ್ಲಿ ಲಾಭವಿಲ್ಲ. ನೆಟ್‌ವರ್ಕ್ ಕೈಕೊಟ್ಟರೆ ಅವಕಾಶವೇ ತಪ್ಪುವ ಅಪಾಯವಿದೆ.

ಪೈಪೋಟಿ ಹೆಚ್ಚಿದಾಗ ಎಚ್ಚರವೂ ಹೆಚ್ಚಬೇಕೆಂಬುದು ಹರಾಜಿನ ಅಧ್ಯಯನ ಕಲಿಸಿದ ಮಹತ್ವದ ಪಾಠ. ಸಮುದ್ರದಾಳದ ತೈಲ ನಿಕ್ಷೇಪಗಳಿಗೆ ಬಿಡ್ ಹಾಕುತ್ತಿದ್ದ ಕಂಪನಿಗಳಿಗೆ ಗೆದ್ದೂ ನಿರೀಕ್ಷಿಸಿದ ಲಾಭ ಬಾರದಿರುವುದನ್ನು 1971ರಲ್ಲಿ ಮೂವರು ತೈಲ ಎಂಜಿನಿಯರುಗಳು ವಿವರಿಸಿದರು; ಅದಕ್ಕೆ ಗೆದ್ದವರ ಶಾಪವೆಂಬ ಹೆಸರು ಬಂದಿತು. ಒಂದೇ ವಸ್ತುವಿನ ಬೆಲೆಯನ್ನು ಹತ್ತು ಮಂದಿ ಅಂದಾಜು ಮಾಡಿದರೆ ಕೆಲವರ ಅಂದಾಜು ಹೆಚ್ಚಾಗಿಯೂ ಕೆಲವರದು ಕಡಿಮೆಯಾಗಿಯೂ ಇರುತ್ತದೆ. ಗೆಲ್ಲುವವರು ಮಾತ್ರ ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರೇ ಆಗಿರುತ್ತಾರೆ. ಹತ್ತಾರು ಜನ ಕೂಗುತ್ತಿದ್ದಾರೆಂದರೆ ಆಸ್ತಿ ಒಳ್ಳೆಯದೇ ಇರಬೇಕೆಂದು ಮಿತಿಯನ್ನು ಏರಿಸುವ ಬದಲು ತನ್ನ ಅಂದಾಜಿನಲ್ಲಿ ತಪ್ಪಿಲ್ಲವೇ ಎಂದು ಶಂಕಿಸುವುದು ವಿವೇಕ. ಕೊಯಮತ್ತೂರು, ಕೂನೂರುಗಳ ಚಹಾ ಹರಾಜಿನ ಖರೀದಿದಾರರು ಮಾದರಿಯನ್ನು ರುಚಿ ನೋಡಿ ಬೆಲೆ ಗೊತ್ತುಮಾಡಿಕೊಂಡೇ ಬರುತ್ತಾರೆ, ಒಂದು ವಾರ ತಪ್ಪಿದರೆ ಮುಂದಿನ ವಾರ ತಿದ್ದಿಕೊಳ್ಳುತ್ತಾರೆ. ಬಾಳಿನಲ್ಲಿ ಒಮ್ಮೆ ಮನೆ ಕೊಳ್ಳುವ ಕುಟುಂಬಕ್ಕೆ ಆ ಎರಡನೆಯ ಅವಕಾಶವಿರುವುದಿಲ್ಲ.

ಗೆದ್ದ ಮೇಲೆ ಹಣ ಹೊಂದಿಸುವ ವೇಳೆಯೂ ಬಿಡ್ಡಿನ ಲೆಕ್ಕದಲ್ಲಿ ಸೇರಿರಬೇಕು. ಠೇವಣಿ ಸೇರಿ ಶೇಕಡ 25ರಷ್ಟನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ, ಉಳಿದುದನ್ನು ಮಾರಾಟ ಸ್ಥಿರಗೊಂಡ 15 ದಿನಗಳೊಳಗೆ ಕಟ್ಟಬೇಕೆಂದು ನಿಯಮ ಹೇಳುತ್ತದೆ. ಬರವಣಿಗೆಯಲ್ಲಿ ಒಪ್ಪಿಗೆ ದೊರೆತರೆ ಗಡುವು ಹೆಚ್ಚೆಂದರೆ ಮೂರು ತಿಂಗಳು. ಮೇಲಿನ ಉದಾಹರಣೆಯಲ್ಲಿ ಅದು ಕೂಡಲೇ 12 ಲಕ್ಷ, ಆಮೇಲೆ 36 ಲಕ್ಷ. ಮದ್ರಾಸ್ ಹೈಕೋರ್ಟಿನಿಂದ ಬಂದ ಒಂದು ಮೇಲ್ಮನವಿಯಲ್ಲಿ, 12.27 ಕೋಟಿ ರೂಪಾಯಿಗೆ ಗೆದ್ದು ಉಳಿದ ಹಣ ಕಟ್ಟಲಾಗದ ಖರೀದಿದಾರರು ಕೊಟ್ಟಿದ್ದ ಶೇಕಡ 25ರ ಪೂರ್ತಿ ಮೊತ್ತವನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದು ಸರಿಯೆಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿ 2ರಂದು ತೀರ್ಪು ನೀಡಿತು. ಗೃಹಸಾಲ ಸಿಗಬಹುದೆಂಬ ಭರವಸೆಯ ಮೇಲೆ ಕೂಗುವುದಕ್ಕಿಂತ, ಸಾಲ ಕೊಡುವ ಬ್ಯಾಂಕಿನ ಒಪ್ಪಿಗೆಯನ್ನು ಮೊದಲೇ ಪಡೆದು ಆ ಮಿತಿಯೊಳಗೆ ಕೂಗುವುದು ಕ್ಷೇಮ.

ಇಡೀ ವ್ಯವಹಾರದ ಇನ್ನೊಂದು ತುದಿಯಲ್ಲಿ ಮನೆ ಕಳೆದುಕೊಂಡ ಕುಟುಂಬವಿದೆ ಎಂಬುದನ್ನು ಮರೆಯಬಾರದು. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಸಾಲಗಾರರಿಗೆ ಉಳಿಯುವುದಿಲ್ಲವೆಂದು 2023ರ ಸೆಪ್ಟೆಂಬರಿನ ಇನ್ನೊಂದು ತೀರ್ಪು ಸ್ಪಷ್ಟಪಡಿಸಿದೆ. ಆದರೆ ಬಾಕಿ ಮತ್ತು ಖರ್ಚು ತೀರಿ ಮಿಕ್ಕ ಹಣವನ್ನು ಅದಕ್ಕೆ ಹಕ್ಕುಳ್ಳವರಿಗೆ ಹಿಂತಿರುಗಿಸಬೇಕು, ಸಾಲದಿದ್ದರೆ ಉಳಿದ ಸಾಲ ಸಾಲಗಾರರ ಮೇಲೆಯೇ ನಿಲ್ಲುತ್ತದೆ. ಆಸ್ತಿಯ ಯೋಗ್ಯತೆಯನ್ನು ಅಳೆದು ನೋಡಿ ಕೊಟ್ಟೇ ತೀರಬಲ್ಲ ಬೆಲೆಯನ್ನು ಕೂಗುವವರು ತಮ್ಮ ಉಳಿತಾಯವನ್ನು ಕಾಪಾಡಿಕೊಳ್ಳುವುದರ ಜೊತೆಗೆ ಆ ಕುಟುಂಬದ ಹೊರೆಯನ್ನೂ ಇಳಿಸುತ್ತಾರೆ. ಹುರುಪಿನಲ್ಲಿ ಕೂಗಿ ಕಟ್ಟದೆ ಹೋದವರಾದರೋ ತಮ್ಮ ಠೇವಣಿ ಕಳೆದುಕೊಳ್ಳುತ್ತಾರೆ, ಮರುಹರಾಜಿನ ತನಕ ಸಾಲಗಾರರ ಬಡ್ಡಿಯೂ ಬೆಳೆಯುತ್ತದೆ.