ಕೀ ಮನೆಯೊಳಗೆ, ಕಾರು ಅಂಗಳದಲ್ಲಿ: ಕಳ್ಳ ಒಳಗೆ ಬರುವುದು ಎಲ್ಲಿಂದ?

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಪುತ್ತೂರು, ಸುಳ್ಯ, ಕಡಬದವರಿಗೆ ಕಾರಿನ ಹುಚ್ಚು ಎಷ್ಟುಂಟು ಅಂತ ಗೊತ್ತಾಗುತ್ತದೆ. ಪೋಲೋ ಜಿಟಿ, ಐ20 ಎನ್ ಲೈನ್, ವರ್ಟಸ್ ಜಿಟಿ, ಥಾರ್, ಯಾರದೋ ಅಜ್ಜನ ಕಾಲದ ಜಿಪ್ಸಿ. ಎಲ್ಲವೂ ಮನೆಯವರ ಹೆಸರಿನಲ್ಲಿ ಇರುವಂಥದ್ದು, ಅಡಿಕೆ ದುಡ್ಡು ಅಥವಾ ಬ್ಯಾಂಕ್ ಸಾಲದಲ್ಲಿ ಬಂದದ್ದು. ಪೋಲೋ ತಯಾರಿಕೆ ನಮ್ಮಲ್ಲಿ 2022ರಲ್ಲೇ ನಿಂತುಹೋಯಿತು, ಆದರೂ ಚೆನ್ನಾಗಿಟ್ಟ ಒಂದು ಜಿಟಿ ಟಿಎಸ್ಐ ಕಂಡರೆ "ಕೊಡ್ತೀರಾ?" ಎಂದು ಕೇಳುವವರು ಇದ್ದೇ ಇದ್ದಾರೆ. ಕೇಳಿ ತೆಗೆದುಕೊಳ್ಳುವವರ ಕಣ್ಣು ಬಿದ್ದ ಕಾರಿನ ಮೇಲೆ ಕೇಳದೆ ತೆಗೆದುಕೊಳ್ಳುವವರ ಕಣ್ಣೂ ಬೀಳುತ್ತದೆ.

ಕಾರು ಕಳವು ಅಂದ ಕೂಡಲೇ ಸಿನಿಮಾದ ದೃಶ್ಯ ನೆನಪಾಗುತ್ತದೆ: ಗಾಜು ಒಡೆದು, ಸ್ಟೀರಿಂಗ್ ಕೆಳಗಿನ ಎರಡು ವೈರ್ ಮುಟ್ಟಿಸಿ, ಭುರ್ ಅಂತ ಹೋಗುವುದು. ಹಳೆ ಜೀಪು, ಜಿಪ್ಸಿಗಳ ಮಟ್ಟಿಗೆ ಅದು ಇವತ್ತಿಗೂ ನಿಜ. ಹೊಸ ಕಾರುಗಳಲ್ಲಿ ಹಾಗೆ ಆಗುವುದಿಲ್ಲ, ಯಾಕೆಂದರೆ ನಡುವೆ ಇಮ್ಮೊಬಿಲೈಸರ್ ಕೂತಿದೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಟ್ರಾನ್ಸ್‌ಪಾಂಡರ್ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತಲಿನ ಕಾಯಿಲ್ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಚಿಪ್ ಅದರಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ನಾವು ಲ್ಯಾಬಿನಲ್ಲಿ ಮಾಡುವ ಮ್ಯೂಚುವಲ್ ಇಂಡಕ್ಟೆನ್ಸ್ ಪ್ರಯೋಗವೇ, ಬೇರೇನಲ್ಲ. ಉತ್ತರ ಸರಿಯಿದ್ದರೆ ಮಾತ್ರ ಇಸಿಯು ಪೆಟ್ರೋಲು ಬಿಡುತ್ತದೆ.

ಇದು ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಅಮೆರಿಕದ 'ಕಿಯಾ ಬಾಯ್ಸ್' ಕಥೆ ನೋಡಬೇಕು. ಬ್ರಿಟನ್ 1998ರಲ್ಲಿ, ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಹಾಗಾಗಿ ಅಲ್ಲಿ ಮಾರಾಟವಾದ, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಬಹಳಷ್ಟು ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಅದು ಇರಲೇ ಇಲ್ಲ. ಸ್ಟೀರಿಂಗ್ ಕಾಲಮ್ಮಿನ ಕವಚ ತೆಗೆದು, ಒಳಗಿನ ತುಂಡಿಗೆ ಒಂದು ಯುಎಸ್‌ಬಿ ಪ್ಲಗ್ಗು ಸಿಕ್ಕಿಸಿ ತಿರುಗಿಸಿದರೆ ಗಾಡಿ ಸ್ಟಾರ್ಟ್. ಮಿಲ್ವಾಕೀಯ ಹುಡುಗರು ಇದನ್ನು ವೀಡಿಯೋ ಮಾಡಿ ಹಾಕಿದರು, 2022ರ ಹೊತ್ತಿಗೆ ದೇಶವಿಡೀ ಕಳವು. ಕೆಲವು ಡಾಲರಿನ ಚಿಪ್ ಉಳಿಸಲು ಹೋದದ್ದರ ಫಲ ಎನ್ನದೆ ಬೇರೆ ದಾರಿಯಿಲ್ಲ.

ಹಾಗಂತ ಚಿಪ್ ಇದ್ದ ಮಾತ್ರಕ್ಕೆ ನಿದ್ದೆ ಮಾಡಬಹುದು ಅಂತಲ್ಲ. ಫೋಕ್ಸ್‌ವ್ಯಾಗನ್ ಗ್ರೂಪಿನ ಹಲವು ಕಾರುಗಳೂ ಸೇರಿದಂತೆ ಬಹಳ ಕಂಪೆನಿಗಳು ಬಳಸಿದ ಮೆಗಾಮೋಸ್ ಕ್ರಿಪ್ಟೋ ಎಂಬ ಟ್ರಾನ್ಸ್‌ಪಾಂಡರನ್ನು ವರ್ಡಲ್ಟ್, ಗಾರ್ಸಿಯಾ, ಎಗೆ ಎಂಬ ಮೂವರು ಸಂಶೋಧಕರು ಮುರಿದು ತೋರಿಸಿದರು. 2013ರಲ್ಲಿ ಬ್ರಿಟನ್ನಿನ ಹೈಕೋರ್ಟು ಆ ಪ್ರಬಂಧ ಪ್ರಕಟಿಸದಂತೆ ತಡೆಯಾಜ್ಞೆ ಕೊಟ್ಟಿತು. ಅದು ಹೊರಬಂದದ್ದು 2015ರಲ್ಲಿ. 96 ಬಿಟ್‌ನ ಕೀ ಎಂದು ಹೇಳಿಕೊಂಡರೂ ಒಳಗಿನ ರಚನೆ ದುರ್ಬಲವಾಗಿತ್ತು. ರಹಸ್ಯವಾಗಿಟ್ಟ ಅಲ್ಗಾರಿದಮ್ಮಿಗಿಂತ ಎಲ್ಲರೂ ಪರೀಕ್ಷಿಸಿದ ಅಲ್ಗಾರಿದಮ್ ಮೇಲು ಅಂತ ನಮ್ಮ ಕ್ರಿಪ್ಟೋಗ್ರಫಿ ಪೇಪರಿನಲ್ಲಿ ಬರೆಯುತ್ತೇವಲ್ಲ, ಉದಾಹರಣೆ ಬೇಕಿದ್ದರೆ ಇದನ್ನೇ ಬರೆಯಿರಿ.

ಈಗ ಪುಶ್ ಬಟನ್ ಕಾರಿಗೆ ಬರೋಣ. ನೀವು ಬಾಗಿಲ ಹಿಡಿ ಮುಟ್ಟಿದಾಗ ಕಾರು 125 ಕಿಲೋಹರ್ಟ್ಸಿನಲ್ಲಿ "ಕೀ ಇದ್ದೀಯಾ?" ಅಂತ ಕೇಳುತ್ತದೆ. ಆ ಕಾಂತಕ್ಷೇತ್ರ ಒಂದೆರಡು ಮೀಟರ್ ದಾಟುವುದಿಲ್ಲ. ಕೇಳಿಸಿಕೊಂಡ ಕೀ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ "ಇದ್ದೇನೆ" ಅಂತ ಎನ್‌ಕ್ರಿಪ್ಟ್ ಮಾಡಿ ಹೇಳುತ್ತದೆ. ಇಲ್ಲಿ ಒಂದು ಊಹೆ ಅಡಗಿದೆ: ಪ್ರಶ್ನೆ ಕೇಳಿಸಿತು ಅಂದರೆ ಕೀ ಹತ್ತಿರವೇ ಇರಬೇಕು. ರಿಲೇ ಕಳ್ಳರು ಮುರಿಯುವುದು ಈ ಊಹೆಯನ್ನೇ, ಗೂಢಲಿಪಿಯನ್ನಲ್ಲ. ಒಬ್ಬ ಕಾರಿನ ಪಕ್ಕ ನಿಂತು ಆ ಪ್ರಶ್ನೆಯನ್ನು ಹಿಡಿಯುತ್ತಾನೆ, ರೇಡಿಯೋ ಮೂಲಕ ಜೊತೆಗಾರನಿಗೆ ಕಳಿಸುತ್ತಾನೆ. ಜೊತೆಗಾರ ಮನೆಯ ಗೋಡೆಯ ಹೊರಗೆ ಲೂಪ್ ಆಂಟೆನಾ ಹಿಡಿದು ಅದನ್ನೇ ಮತ್ತೆ ಬಿತ್ತರಿಸುತ್ತಾನೆ. ಒಳಗೆ ಮೊಳೆಗೆ ನೇತುಹಾಕಿದ ಕೀ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಬಾಗಿಲು ತೆರೆಯಿತು, ಎಂಜಿನ್ ಸ್ಟಾರ್ಟ್. ಹೆಚ್ಚಿನ ಕಾರುಗಳು ಓಡುತ್ತಿರುವಾಗ ಕೀ ಕಾಣದಿದ್ದರೆ ಎಚ್ಚರಿಕೆ ಕೊಡುತ್ತವೆಯೇ ಹೊರತು ಎಂಜಿನ್ ಬಂದ್ ಮಾಡುವುದಿಲ್ಲ, ಸುರಕ್ಷತೆಯ ಕಾರಣಕ್ಕೆ.

ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 8 ಕಂಪೆನಿಗಳ 10 ಮಾದರಿಗಳ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಬಂಧ ಮಂಡಿಸಿದ್ದರು. ಹತ್ತೂ ಸೋತವು. ಎಇಎಸ್ ಹಾಕಿದರೂ ಪ್ರಯೋಜನವಿಲ್ಲ, ಯಾಕೆಂದರೆ ಕಳ್ಳ ಏನನ್ನೂ ಓದುತ್ತಿಲ್ಲ, ಅಂಚೆಯವನ ಹಾಗೆ ಸಾಗಿಸುತ್ತಿದ್ದಾನೆ ಅಷ್ಟೆ. ಸರಿಯಾದ ಮದ್ದು ಸಮಯವನ್ನು ಅಳೆಯುವುದು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಉತ್ತರ ಬರಲು ಹಿಡಿದ ಸಮಯವನ್ನು ನ್ಯಾನೋಸೆಕೆಂಡಿನ ನಿಖರತೆಯಲ್ಲಿ ಅಳೆದರೆ ಕೀ ಎಷ್ಟು ದೂರ ಅಂತ ಸುಳ್ಳು ಹೇಳಲು ಸಾಧ್ಯವೇ ಇಲ್ಲ. ಅಲ್ಟ್ರಾ ವೈಡ್‌ಬ್ಯಾಂಡ್ ಕೀಗಳು ಮಾಡುವುದು ಇದನ್ನೇ. ಆದರೆ ನಮ್ಮ ಅಂಗಳದ ಬಹುಪಾಲು ಕಾರುಗಳಲ್ಲಿ ಅದಿಲ್ಲ.

ಹಾಗಾದರೆ ನಾವು ಮಾಡುವುದೆಂತ? ಕೀಯನ್ನು ಲೋಹದೊಳಗೆ ಇಡುವುದು. ಇಲ್ಲಿ ಸ್ವಲ್ಪ ಲೆಕ್ಕ ಉಂಟು. 433 ಮೆಗಾಹರ್ಟ್ಸಿನಲ್ಲಿ ಅಲ್ಯೂಮಿನಿಯಮ್ಮಿನ ಸ್ಕಿನ್ ಡೆಪ್ತ್ ಸುಮಾರು 4 ಮೈಕ್ರಾನ್. ಅಡುಗೆಮನೆಯ ಫಾಯಿಲ್ ಅದಕ್ಕಿಂತ ಕೆಲವು ಪಟ್ಟು ದಪ್ಪ, ಹಾಗಾಗಿ ಕೀಯ ಉತ್ತರ ಹೊರಗೆ ಬರುವುದಿಲ್ಲ. 125 ಕಿಲೋಹರ್ಟ್ಸಿನಲ್ಲಿ ಅದೇ ಸ್ಕಿನ್ ಡೆಪ್ತ್ ಸುಮಾರು 0.23 ಮಿಲಿಮೀಟರ್, ಅಂದರೆ ಫಾಯಿಲ್ ತೀರಾ ತೆಳು. ಪ್ರಶ್ನೆ ಒಳಗೆ ನುಗ್ಗಿದರೂ ನುಗ್ಗೀತು, ಉತ್ತರಕ್ಕೆ ದಾರಿಯಿಲ್ಲ. ಒಂದು ಕಡೆ ಕತ್ತರಿಸಿದರೂ ಸಂಭಾಷಣೆ ಮುರಿಯುತ್ತದೆ. ಹಳೆ ಬಿಸ್ಕತ್ತಿನ ತಗಡಿನ ಡಬ್ಬಿ ಇನ್ನೂ ಒಳ್ಳೆಯದು, ಮುಚ್ಚಳ ಬಿಗಿಯಾಗಿದ್ದರೆ ಮಾತ್ರ. ಆನ್‌ಲೈನಿನಲ್ಲಿ ಸಿಗುವ ಫ್ಯಾರಡೇ ಪೌಚ್ ತಿಂಗಳುಗಟ್ಟಲೆ ಮಡಚಿ ಒಳಗಿನ ಬಟ್ಟೆ ಹರಿದರೆ ಪ್ರಯೋಜನಕ್ಕಿಲ್ಲ. ಯಾವುದೇ ಆಗಲಿ, ನಂಬಬೇಡಿ, ಪರೀಕ್ಷಿಸಿ: ಕೀ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಕಾರಿನ ಬಾಗಿಲಿಗೆ ತಾಗಿಸಿ ಹಿಡಿದು ಹ್ಯಾಂಡಲ್ ಎಳೆಯಿರಿ. ತೆರೆದರೆ ಡಬ್ಬಿ ಬಿಸಾಡಿ. ಎರಡನೇ ಕೀಯನ್ನೂ ಅದರಲ್ಲೇ ಇಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಕೆಲವು ಕಾರುಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಸೆಟ್ಟಿಂಗಿನಲ್ಲಿ ಆಫ್ ಮಾಡಬಹುದು. ಮ್ಯಾನುಯಲ್ ಒಮ್ಮೆ ಓದಿ ಮಾರಾಯ್ರೆ, ಅದು ಗ್ಲೋವ್‌ಬಾಕ್ಸಿನಲ್ಲಿ ಪ್ಲಾಸ್ಟಿಕ್ ಸಮೇತ ಹಾಗೇ ಉಂಟು.

ನಿಮ್ಮದು ತಿರುಗಿಸುವ ಕೀ ಆದರೆ ಈ ರಿಲೇ ಭಯ ಬೇಡ. ಅಲ್ಲಿ ಕಳ್ಳನಿಗೆ ಬೇಕಾದದ್ದು ಕೀಯೇ. ನಮ್ಮ ಕಡೆ ಅದು ಎಲ್ಲಿರುತ್ತದೆ? ಚಾವಡಿಯ ಬಾಗಿಲ ಪಕ್ಕದ ಮೊಳೆಯಲ್ಲಿ, ಕಿಟಕಿಯಿಂದ ಕೋಲು ಹಾಕಿದರೆ ಸಿಗುವ ಹಾಗೆ. ಮೊದಲು ಆ ಮೊಳೆಯ ಜಾಗ ಬದಲಿಸಿ.

ಇನ್ನೊಂದು ದಾರಿ ಕ್ಯಾನ್ ಬಸ್. 2022ರಲ್ಲಿ ಲಂಡನ್ನಿನ ಇಯಾನ್ ಟೇಬರ್ ಎಂಬವರ ಟೊಯೊಟಾ ಆರ್‌ಎವಿ4 ಮನೆಯೆದುರಿನಿಂದಲೇ ಹೋಯಿತು. ತಮಾಷೆ ಅಂದರೆ ಅವರೇ ವಾಹನಗಳ ಸೈಬರ್ ಭದ್ರತೆಯ ಸಂಶೋಧಕ. ಕಳವಿಗೆ ಮುಂಚೆ ಎರಡು ಸಲ ಮುಂದಿನ ಬಂಪರ್ ಎಳೆದು, ಹೆಡ್‌ಲ್ಯಾಂಪಿನ ವೈರಿಂಗಿಗೆ ಕೈ ಹಾಕಿದ ಗುರುತಿತ್ತು. ಅವರು ಗೆಳೆಯ ಕೆನ್ ಟಿಂಡೆಲ್ ಜೊತೆ ಸೇರಿ ಹುಡುಕಿದಾಗ ಸಿಕ್ಕಿದ್ದು ಬ್ಲೂಟೂತ್ ಸ್ಪೀಕರಿನ ಹೊದಿಕೆಯೊಳಗೆ ಅಡಗಿಸಿದ ಒಂದು ಸಾಧನ. ಹೆಡ್‌ಲ್ಯಾಂಪಿಗೂ ಕ್ಯಾನ್ ಬಸ್ ಹೋಗುತ್ತದೆ. ಅಲ್ಲಿಂದ "ಕೀ ಸರಿಯಿದೆ" ಎಂಬ ಸುಳ್ಳು ಸಂದೇಶ ತುರುಕಿದರೆ ಉಳಿದ ಇಸಿಯುಗಳು ನಂಬುತ್ತವೆ. ಬಾಷ್ 1980ರ ದಶಕದಲ್ಲಿ ಕ್ಯಾನ್ ರೂಪಿಸಿದಾಗ ಸಂದೇಶ ಕಳಿಸಿದ್ದು ಯಾರು ಅಂತ ಕೇಳುವ ವ್ಯವಸ್ಥೆಯನ್ನೇ ಇಡಲಿಲ್ಲ. ಆಗ ಅದರ ಅಗತ್ಯವೂ ಇರಲಿಲ್ಲ. ನಾವು ಮಾಡಬಹುದಾದ್ದು ಇಷ್ಟೆ: ಬಂಪರ್ ಅಥವಾ ಚಕ್ರದ ಮೇಲಿನ ಪ್ಲಾಸ್ಟಿಕ್ ಕಾರಣವಿಲ್ಲದೆ ಸಡಿಲಾಗಿದ್ದರೆ "ನಾಯಿ ಎಳೆದಿರಬೇಕು" ಅಂತ ಬಿಡಬೇಡಿ.

ಈ ಎಲ್ಲಾ ಎಲೆಕ್ಟ್ರಾನಿಕ್ ಜಾಣತನಕ್ಕೆ ಉತ್ತರ ಹಲವು ಸಲ ದಡ್ಡ ಕಬ್ಬಿಣವೇ. ಸ್ಟೀರಿಂಗಿಗೆ ಹಾಕುವ ದಪ್ಪ ಲಾಕ್ ರೇಡಿಯೋ ಮಾತು ಕೇಳುವುದಿಲ್ಲ. ಅದನ್ನು ಕತ್ತರಿಸಬಹುದು, ಆದರೆ ಸದ್ದು, ಸಮಯ ಎರಡೂ ಬೇಕು. ನಮ್ಮ ಮನೆಗಳ ವಿನ್ಯಾಸಕ್ಕೆ ಇನ್ನೂ ಒಂದು ವಿಷಯ ಹೊಂದುತ್ತದೆ. ಪೇಟೆಯ ಹಾಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ ಇವು. ರಸ್ತೆಯಿಂದ ತೋಟದ ನಡುವೆ ಇನ್ನೂರು ಮುನ್ನೂರು ಮೀಟರ್ ಮಣ್ಣಿನ ದಾರಿ, ಕೊನೆಗೆ ಅಂಗಳ, ನೆರೆಮನೆಯವರಿಗೆ ಸದ್ದು ಕೇಳಿಸದು. ದುರ್ಬಲತೆ ಅನ್ನಿಸುತ್ತದೆ. ಆದರೆ ಕಾರು ಹೊರಗೆ ಹೋಗಲು ದಾರಿ ಒಂದೇ. ಹಿಂದೆ ದನ ಬಾರದ ಹಾಗೆ ಉಣುಗೋಲು ಹಾಕುತ್ತಿದ್ದ ಜಾಗದಲ್ಲಿ ಎರಡು ಕಂಬ ನೆಟ್ಟು ಒಂದು ಸರಪಳಿ ಕಟ್ಟಿದರೆ, ಸಾವಿರಾರು ರೂಪಾಯಿಯ ಅಲಾರಾಂಗಿಂತ ಅದೇ ಮೇಲು ಅಂತ ನಮ್ಮ ಅಭಿಪ್ರಾಯ.

ಸಿಸಿಟಿವಿ ಬಗ್ಗೆ ನಮಗೆ ಅಷ್ಟು ಭಕ್ತಿ ಇಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಡಿವಿಆರ್ ಸುಟ್ಟುಹೋದ ಮನೆ ಯಾವ ಊರಲ್ಲಿಲ್ಲ? ಮಳೆಗಾಲದಲ್ಲಿ ಕರೆಂಟು ಹೋದರೆ ಕ್ಯಾಮೆರಾ ಕುರುಡು, ಅದನ್ನು ಇನ್ವರ್ಟರ್ ಲೈನಿಗೆ ಕೊಡಬೇಕು. ಚಲನೆಗೆ ಹತ್ತುವ ಲೈಟು ಒಳ್ಳೆಯದು, ಕಾಡುಹಂದಿ, ಬೆಕ್ಕು, ಬಾವಲಿಗಳಿಗೂ ಹತ್ತುತ್ತದೆ ಎಂಬುದೊಂದು ತಕರಾರು. ವಾರದೊಳಗೆ ಮನೆಯವರು ಎದ್ದು ನೋಡುವುದನ್ನೇ ಬಿಡುತ್ತಾರೆ. ನಾಯಿ ಬೊಗಳಿದರೆ ಮಾತ್ರ ಏಳುತ್ತಾರೆ.

ಜಿಪಿಎಸ್ ಟ್ರ್ಯಾಕರ್ ಹಾಕಿಸಿ, ಆದರೆ ಅದು ಕಳವು ತಡೆಯುವುದಿಲ್ಲ, ಕಳವಾದ ಮೇಲೆ ಹುಡುಕುತ್ತದೆ ಅಷ್ಟೆ. ಉಪಗ್ರಹದಿಂದ ಜಾಗ ತಿಳಿದರೂ ನಿಮಗೆ ಹೇಳಲು ಅದಕ್ಕೆ ಸಿಮ್ಮಿನ ನೆಟ್‌ವರ್ಕ್ ಬೇಕು. ಆನ್‌ಲೈನ್ ಕ್ಲಾಸಿಗೆ ಗುಡ್ಡೆ ಹತ್ತಿದ ಸುಳ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಯಾವ ಕಂಪೆನಿಯ ಸಿಗ್ನಲ್ ಸಿಗುತ್ತದೋ ಅದರದ್ದೇ ಸಿಮ್, ನೆಟ್‌ವರ್ಕ್ ಇಲ್ಲದಾಗ ಜಾಗಗಳನ್ನು ನೆನಪಿಟ್ಟು ಮತ್ತೆ ಕಳಿಸುವ ಟ್ರ್ಯಾಕರ್, ಇವೆರಡು ನೋಡಿ. ಓಬಿಡಿ ಪೋರ್ಟಿಗೆ ಸಿಕ್ಕಿಸುವಂಥದ್ದು ಬೇಡ, ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಏರ್‌ಟ್ಯಾಗ್ ಅಂತೂ ದಾರಿಹೋಕರ ಫೋನುಗಳನ್ನೇ ನಂಬಿರುವ ಸಾಧನ, ಅಡಿಕೆ ತೋಟದ ನಡುವೆ ದಾರಿಹೋಕರು ಎಲ್ಲಿ? ಅದಲ್ಲದೆ ಅಪರಿಚಿತ ಟ್ಯಾಗ್ ಜೊತೆಗಿದೆ ಅಂತ ಅದು ಕಳ್ಳನ ಫೋನಿಗೇ ತಿಳಿಸಿಬಿಡುತ್ತದೆ.

ನಮ್ಮ ಮೂರು ತಾಲೂಕುಗಳ ಭೂಪಟ ನೋಡಿದರೆ ಸಮಯದ ಬೆಲೆ ಗೊತ್ತಾಗುತ್ತದೆ. ಸುಳ್ಯದಿಂದ ಸಂಪಾಜೆ ದಾಟಿದರೆ ಕೊಡಗು. ಜಾಲ್ಸೂರಿನಿಂದ ತಿರುಗಿದರೆ ಕಾಸರಗೋಡಿನ ರಸ್ತೆ, ಕೆಲವೇ ಕಿಲೋಮೀಟರಿನಲ್ಲಿ ಕೇರಳ. ಕಡಬದಿಂದ ಸುಬ್ರಹ್ಮಣ್ಯ, ಬಿಸಿಲೆ ಅಥವಾ ಗುಂಡ್ಯ, ಶಿರಾಡಿ ಹಿಡಿದರೆ ಹಾಸನ. ಮೂವತ್ತು ನಲವತ್ತು ನಿಮಿಷದಲ್ಲಿ ಕಾರು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಇರುತ್ತದೆ. ಹಾಗಾಗಿ ಮೊದಲ ಕರೆ ಅಣ್ಣನಿಗೂ ಅಲ್ಲ, ವಾಟ್ಸಾಪ್ ಗುಂಪಿಗೂ ಅಲ್ಲ, 112ಕ್ಕೆ. ನೀವೇ ಬೆನ್ನಟ್ಟಿಕೊಂಡು ಹೋಗಬೇಡಿ. ಫಾಸ್ಟ್ಯಾಗನ್ನು ಕೂಡಲೇ ಬ್ಲಾಕ್ ಮಾಡುವ ಬದಲು ಪೊಲೀಸರಿಗೆ ಹೇಳಿ ಕೇಳಿ; ಬ್ರಹ್ಮರಕೂಟ್ಲು ಟೋಲಿನಲ್ಲಿ ಹಣ ಕಡಿತವಾದ ಒಂದು ಎಸ್ಸೆಮ್ಮೆಸ್ ಟ್ರ್ಯಾಕರಿನ ಕೆಲಸ ಮಾಡೀತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಎಫ್ಐಆರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿ ಅಲ್ಲ ಅಂತ ಕಳಿಸುವಂತಿಲ್ಲ.

ಕಳವಿನ ವಿಷಯದಲ್ಲಿ ಎಲ್ಲರೂ ಬಿಡುವ ಒಂದು ಮಾತುಂಟು. ನಮ್ಮ ಕಡೆ ಅಂಗಳದ ಕಾರು ಬರೀ ಶೋಕಿಯದ್ದಲ್ಲ. ರಾತ್ರಿ ಎರಡು ಗಂಟೆಗೆ ಅಜ್ಜನಿಗೆ ಎದೆನೋವು ಬಂದರೆ, ತೋಟದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಪುತ್ತೂರಿಗೋ ಮಂಗಳೂರಿಗೋ ಓಡುವ ಆಂಬ್ಯುಲೆನ್ಸ್ ಅದೇ. ಆದ್ದರಿಂದ ಅಡಗಿಸಿದ ಕಿಲ್ ಸ್ವಿಚ್, ಸರಪಳಿಯ ಬೀಗ, ಸ್ಟೀರಿಂಗ್ ಲಾಕ್ ಯಾವುದೇ ಹಾಕಿ, ಮನೆಯಲ್ಲಿ ಡ್ರೈವಿಂಗ್ ಬರುವ ಪ್ರತಿಯೊಬ್ಬರೂ ಕತ್ತಲೆಯಲ್ಲಿ, ನೀವು ಹಾಸ್ಟೆಲಿನಲ್ಲಿರುವಾಗ, ಒಂದು ನಿಮಿಷದೊಳಗೆ ಅದನ್ನು ಬಿಡಿಸಬೇಕು. ಒಂದು ರಾತ್ರಿ ಲೈಟ್ ಆರಿಸಿ ಅಮ್ಮನ ಕೈಲಿ ಮಾಡಿಸಿ, ಮೊಬೈಲಿನಲ್ಲಿ ಸಮಯ ನೋಡಿ. ಆಗದಿದ್ದರೆ ಆ ಲಾಕ್ ಬೇಡ, ಬೇರೆ ತನ್ನಿ. ಕಾರು ಕಳೆದರೆ ವಿಮೆ ಉಂಟು.

ವಿಮೆಯ ಮಾತು ಬಂತಲ್ಲ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳವಿಗೆ ಒಂದು ಪೈಸೆಯೂ ಸಿಗುವುದಿಲ್ಲ, ಕಾಂಪ್ರಹೆನ್ಸಿವ್ ಬೇಕು. ಸಿಗುವುದೂ ಕೊಂಡ ಬೆಲೆಯಲ್ಲ, ಐಡಿವಿ. ಮೂರು ವರ್ಷ ದಾಟಿ ನಾಲ್ಕರೊಳಗಿನ ಕಾರಿಗೆ ಶೇಕಡಾ 40 ಸವಕಳಿ. 12 ಲಕ್ಷದ ಕಾರಿಗೆ ಲೆಕ್ಕ 7 ಲಕ್ಷ 20 ಸಾವಿರ. ಸಾಲ ಇದ್ದರೆ ಅದರಲ್ಲಿ ಬ್ಯಾಂಕಿನ ಪಾಲು ಮೊದಲು. ರಿಟರ್ನ್ ಟು ಇನ್ವಾಯ್ಸ್ ಆ್ಯಡ್ ಆನ್ ಈ ಅಂತರ ತುಂಬುತ್ತದೆ, ಅದು ಸಾಮಾನ್ಯವಾಗಿ ಹೊಸ ಕಾರುಗಳಿಗೆ ಮಾತ್ರ. ಕಂಪೆನಿಯವರು ಎರಡೂ ಕೀ ಕೇಳುತ್ತಾರೆ, ಕಾರು ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ ಕೇಳುತ್ತಾರೆ. ಸ್ಟೇಜ್ ಒನ್ ರೀಮ್ಯಾಪ್, ದುಬಾರಿ ಅಲಾಯ್ ಹಾಕಿಸಿ ಕಂಪೆನಿಗೆ ತಿಳಿಸದೆ ಇದ್ದರೆ ಆ ದುಡ್ಡು ಮರಳುವುದಿಲ್ಲ, ಕ್ಲೇಮಿಗೇ ತಕರಾರು ಬಂದರೂ ಬಂತು. ಎಫ್ಐಆರ್ ಕೂಡಲೇ ಆಗಿದ್ದರೆ, ಕಂಪೆನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದು ಕಳವಾದ ಒಂದು ಟ್ರ್ಯಾಕ್ಟರಿನ ಕೇಸು. ಹಾಗಂತ ತಡ ಮಾಡಬೇಡಿ, ಅದೇ ದಿನ ಒಂದು ಇಮೇಲ್ ಹಾಕಿ. ಆರ್‌ಸಿ, ಪಾಲಿಸಿ, ಚಾಸಿಸ್ ನಂಬರುಗಳ ಫೋಟೋ ನಿಮ್ಮ ಫೋನಿನಲ್ಲಿರಲಿ. ಮೂಲ ಪ್ರತಿಗಳು ಕಾರಿನೊಳಗೆ ಇದ್ದರೆ ಈ ವಾರವೇ ತೆಗೆದು ಮನೆಯೊಳಗಿಡಿ.