ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಯೇ?

‘ಪುಕ್ಕಟೆ ಅಕ್ಕಿ ಬಂದಮೇಲೆ ಕೂಲಿಗೆ ಜನವೇ ಸಿಗುತ್ತಿಲ್ಲ.’ 2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ಚಿಂತಾಮಣಿ, ಗೌರಿಬಿದನೂರು ಕಡೆಯೂ ಈ ಮಾತು ಕೇಳುತ್ತಲೇ ಇದ್ದೇವೆ. ಅಕ್ಕಿಯ ಜೊತೆಗೆ ಸಿಗುವ ನಗದು ನೆರವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ದಿನಕ್ಕೆ 67 ರೂಪಾಯಿಯೂ ಬೀಳುವುದಿಲ್ಲ. ಬಾಡಿಗೆ, ಗ್ಯಾಸು, ಮಕ್ಕಳ ಫೀಸು, ಔಷಧಿ ಎಲ್ಲವನ್ನೂ ಇದರಲ್ಲೇ ತೂಗಿಸಿಕೊಂಡು ಯಾರಿಗೆ ತಾನೇ ಮನೆಯಲ್ಲಿ ಕೂರಲಾದೀತು? ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಬಿಸಿನೀರಿಗೆ ಕೈಯದ್ದಿ, ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ಚರ್ಮ ಬಿಳಿಚಿ ಸುಲಿದ ಹೆಂಗಸರಿದ್ದಾರೆ. ಅಂಥ ಮನೆಗಳಿಗೂ ರೇಷನ್ ಅಕ್ಕಿ ಬರುತ್ತದೆ.

ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ನೆರವಿನ ಯೋಜನೆಗಳನ್ನು ಪರಿಶೀಲಿಸಿ, ನೆರವಿನಿಂದ ಜನ ದುಡಿಮೆ ಕಡಿಮೆ ಮಾಡಿದ್ದಕ್ಕೆ ಪುರಾವೆಯಿಲ್ಲವೆಂದು 2017ರಲ್ಲಿ ಪ್ರಕಟಿಸಿದರು. ‘ಉಳ್ಳವರೂ ಬಿಪಿಎಲ್ ಕಾರ್ಡು ಇಟ್ಟುಕೊಂಡಿದ್ದಾರಲ್ಲ?’ ನಿಜ, ಅವು ರದ್ದಾಗಲಿ. ಆ ತಪ್ಪನ್ನು ಬಡವರ ತಲೆಗೆ ಕಟ್ಟುವುದು ಅನ್ಯಾಯ. ಮನೆಯಲ್ಲಿ ಅಕ್ಕಿಯಿದ್ದರೆ ಕೊಟ್ಟಷ್ಟು ಕೂಲಿಗೆ ತಲೆಬಾಗುವ ಅನಿವಾರ್ಯತೆ ಕಡಿಮೆಯಾಗುತ್ತದೆ, ಅದನ್ನೂ ಒಪ್ಪೋಣ. ಆದರೆ ಕಡಿಮೆ ಕೂಲಿಗೆ ಒಲ್ಲೆ ಎನ್ನುವವರನ್ನು ಸೋಮಾರಿ ಎಂದು ಕರೆಯುವ ಮುಂಚೆ, ಎಷ್ಟು ಕೂಲಿಗೆ ಕರೆದಿದ್ದೆವು ಎಂಬುದನ್ನೂ ಹೇಳಬೇಕಲ್ಲವೇ?